ಐದು ಮೆಟ್ಟಿಲು, ಒಂದು ಜಗಳ

ನನ್ನ ತಂಗಿಯ ಮೊಮ್ಮಗಳು ಫಿಸಿಯೋಥೆರಪಿ ಓದಿ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದು, "ಅಜ್ಜಿ, ನನ್ನನ್ನ ತಲಿಗೆ ಪೆಟ್ಟಾದವ್ರ ವಾರ್ಡಿಗೆ ಹಾಕ್ಯಾರ. ನೀನೂ ಅಲ್ಲೇ ಇದ್ದೆಂತಲ್ಲ, ಏನರ ಹೇಳು" ಅಂದಳು. ಹೇಳೋಣವೆಂದು ಬಾಯಿ ತೆರೆದರೆ ಅವಳ ಫೋನು ಬಡಿದುಕೊಳ್ಳುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ಆ ಹಾರ ಅವತ್ತೇ ಬಾಡಿತು.

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಹೆಸರು ಜನರ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಳ್ಳಿಯವರು ನನ್ನನ್ನು "ಕೈಕಾಲು ಎಳಿಯೋ ಡಾಕ್ಟ್ರಮ್ಮ" ಎನ್ನುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ತಿದ್ದಿ ತಿದ್ದಿ ಸಾಕಾಗಿ, ಕೊನೆಗೆ ಎಳೆಯುವುದಂತೂ ನಿಜ ತಾನೇ ಎಂದು ಸುಮ್ಮನಾದೆ.

ಈಗ ತಲೆಯೊಳಗಿನ ಚಿತ್ರ ತೆಗೆಯುವ ಯಂತ್ರಗಳಿವೆ. ನಮ್ಮ ಹತ್ತಿರ ಇದ್ದದ್ದು ಒಂದು ಟಾರ್ಚು, ಮೊಣಕಾಲು ತಟ್ಟುವ ರಬ್ಬರ್ ಸುತ್ತಿಗೆ, ಮತ್ತೆ ನಮ್ಮ ಬಾಯಿ. ಪೆಟ್ಟು ತಿಂದು ಬಂದವನು ಹೇಗಿದ್ದಾನೆ ಎಂದು ಬರೆಯಬೇಕಾದರೆ ಒಬ್ಬೊಬ್ಬರದು ಒಂದೊಂದು ಭಾಷೆ. ಬೆಳಿಗ್ಗೆಯ ನರ್ಸು "ಮಂಪರು" ಎಂದು ಬರೆದರೆ ಮಧ್ಯಾಹ್ನದವಳು "ಅರೆನಿದ್ರೆ" ಎಂದು ಬರೆಯುತ್ತಿದ್ದಳು. ಅವನು ಸುಧಾರಿಸಿದನೋ ಕೆಟ್ಟನೋ ದೇವರಿಗೇ ಗೊತ್ತು. ಅಂಥ ಹೊತ್ತಿನಲ್ಲಿ ನಮ್ಮ ಸರ್ಜನ್ ಶ್ರೀಪಾದರಾಯರು ಎಲ್ಲಿಂದಲೋ ಒಂದು ಹೊಸ ಅಳತೆ ತಂದರು. ಕಣ್ಣು, ಮಾತು, ಕೈಕಾಲು, ಈ ಮೂರಕ್ಕೆ ಮಾರ್ಕು. ಕಣ್ಣು ತಾನಾಗಿ ತೆರೆದರೆ ಪೂರ್ತಿ ಮಾರ್ಕು, ಕರೆದಾಗ ತೆರೆದರೆ ಒಂದು ಕಡಿಮೆ, ಚಿವುಟಿದಾಗ ತೆರೆದರೆ ಇನ್ನೊಂದು ಕಡಿಮೆ.

ಶ್ರೀಪಾದರಾಯರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು. ಮೂಗೂ ಉದ್ದವಿತ್ತು. ಬೆಳಿಗ್ಗೆ ಅವರ ಚಪ್ಪಲಿ ಸದ್ದು ಕೇಳಿದರೆ ವಾರ್ಡಿನ ಬೆಕ್ಕು ಕೂಡ ಮಂಚದ ಕೆಳಗೆ ಸರಿಯುತ್ತಿತ್ತು. ಆದರೆ ರೋಗಿ ಮೊದಲ ಸಲ ಕಣ್ಣು ಬಿಟ್ಟ ದಿನ ಅವರು ಮುಖ ಆ ಕಡೆ ತಿರುಗಿಸಿಕೊಂಡು ಕನ್ನಡಕ ಒರೆಸುತ್ತಿದ್ದರು. ಧೂಳು ಅನ್ನುತ್ತಿದ್ದರು. ಬಳ್ಳಾರಿಯಲ್ಲಿ ಧೂಳಿಗೇನೂ ಬರವಿಲ್ಲ, ಆದ್ದರಿಂದ ನಾವೂ ನಂಬಿದಂತೆ ಇರುತ್ತಿದ್ದೆವು.

ಮಾರ್ಕಿನ ಪದ್ಧತಿ ಶುರುವಾದ ವಾರವೇ ಒಂದು ಪೇಚಾಯಿತು. ತೆಕ್ಕಲಕೋಟೆಯಿಂದ ಬಂದವನೊಬ್ಬ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಕೇರಳದ ಸಿಸ್ಟರ್ ಅನ್ನಮ್ಮ ಉಗುರು ಒತ್ತಿದಳು. ಅವನು ಕಣ್ಣುಮುಚ್ಚಿಕೊಂಡೇ ತೆಲುಗಿನಲ್ಲಿ ಏನೇನೋ ಒದರಿದ. ಅನ್ನಮ್ಮನಿಗೆ ಕನ್ನಡವೇ ಆಗಷ್ಟೇ ಬರುತ್ತಿತ್ತು. "ಅರ್ಥವಿಲ್ಲದ ಶಬ್ದ" ಎಂದು ಬರೆದು ಮಾರ್ಕು ಕಡಿದಳು. ರಾಯರು ಬಂದು ಮತ್ತೆ ಉಗುರು ಒತ್ತಿ, ಬಗ್ಗಿ ನಿಂತು ಗಮನವಿಟ್ಟು ಕೇಳಿದರು. ಅವರ ಕಿವಿ ಕೆಂಪಾಯಿತು.

"ಅರ್ಥ ಇಲ್ಲ ಅಂತ ಯಾರ್ರೀ ಬರದದ್ದು? ನಮ್ಮ ಮುತ್ತಜ್ಜನ ತನಕಾ ಅರ್ಥ ಅದ ಇದಕ್ಕ!"

ಅವನ ಮಾರ್ಕು ಏರಿತು. ಅವತ್ತಿನಿಂದ ಬೈಗುಳ ತಿಳಿಯುವ ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಇರಬೇಕೆಂದು ಅಪ್ಪಣೆಯಾಯಿತು. ತೆಲುಗು, ಉರ್ದು, ಕನ್ನಡ, ಮೂರರಲ್ಲೂ ಬೈಗುಳ ಬಲ್ಲವಳು ನಾನೊಬ್ಬಳೇ ಇದ್ದೆ. ನಮ್ಮ ಮನೆ ಬ್ರೂಸ್‌ಪೇಟೆಯ ಸಂತೆಯ ಹಿಂದೆ. ಕಲಿಯದೆ ಇರಲು ಸಾಧ್ಯವೇ ಇರಲಿಲ್ಲ.

ಇನ್ನೊಂದು ಪೇಚು ಸಿರುಗುಪ್ಪದ ಹುಲಿಗೆಪ್ಪನದು. ಪ್ರಜ್ಞೆ ಬಂದವರಿಗೆ ಊರು ಯಾವುದು, ಇವತ್ತು ಎಷ್ಟನೇ ತಾರೀಖು, ಎಂದು ಕೇಳುವುದು ಕ್ರಮ. ಹುಲಿಗೆಪ್ಪ ತಾರೀಖಿಗೆ, "ಅಮಾಸಿ ಆಗಿ ನಾಕ್ ದಿನ ಆತ್ರಿ. ನಮ್ಮ ಕಾಲುವಿಗೆ ನೀರ್ ಬಿಡೋ ಹೊತ್ತು" ಎಂದ. ರಾಯರು ತಪ್ಪು ಎಂದು ಗೀಟು ಹಾಕಿದರು. ಪಕ್ಕದಲ್ಲಿ ಕೂತಿದ್ದ ಅವನ ತಮ್ಮ ಎದ್ದು ನಿಂತ. "ಅಣ್ಣ ಖರೇನ ಹೇಳ್ಯಾನ್ರಿ ಸಾಹೇಬ್ರ. ತಾರೀಖು ಅವನಿಗೆ ಹುಟ್ಟಿದಾಗಿಂದ ಗೊತ್ತಿಲ್ಲ. ನನಗೂ ಗೊತ್ತಿಲ್ರಿ. ನನಗೇನ್ ತಲಿಗೆ ಪೆಟ್ಟಾಗೈತೇನು?"

ರಾಯರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕಿ ಬೆರಳಲ್ಲಿ ಎಣಿಸಿದರು. ಹುಲಿಗೆಪ್ಪನ ಲೆಕ್ಕ ಸರಿಯಾಗಿತ್ತು. ಗೀಟು ಅಳಿಸಿದರು. ಆಮೇಲೆ ನಮಗೆಲ್ಲ ಒಂದು ಹೊಸ ನಿಯಮ ಮಾಡಿದರು. ರೋಗಿಯನ್ನು ಕೇಳುವ ಮೊದಲು ಮನೆಯವರನ್ನು ಕೇಳಿ: ಪೆಟ್ಟು ಬೀಳುವ ಮುಂಚೆ ಈ ಮನುಷ್ಯ ಹೇಗಿದ್ದ? ನನ್ನ ಮೊಮ್ಮಗಳೇ, ಇಡೀ ವೃತ್ತಿಯಲ್ಲಿ ನಾನು ಕಲಿತದ್ದು ಇದೊಂದೇ ಪ್ರಶ್ನೆ. ಉಳಿದದ್ದು ನಿನ್ನ ಪುಸ್ತಕದಲ್ಲಿದೆ. ಈ ಪ್ರಶ್ನೆ ಕೇಳಿ ನಾವು ನಕ್ಕದ್ದೂ ಉಂಟು. ಒಬ್ಬನ ಹೆಂಡತಿಯನ್ನು "ಈಗೀಗ ಮರೆಗುಳಿ ಆಗ್ಯಾರೇನು?" ಎಂದರೆ, "ಲಗ್ನದ ದಿನಾನ ಉಂಗುರ ಮರ್ತು ಬಂದಿದ್ರು, ಅದಕ್ಕೂ ಈ ಪೆಟ್ಟಿಗೂ ಸಂಬಂಧ ಇಲ್ರಿ" ಅಂದಳು.

ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಇವರೆಲ್ಲ ಏನಾಗುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ರಾಯರಿಗೆ ಅದು ತಲೆಗೆ ಹತ್ತಿತು. ಅದಕ್ಕೂ ಒಂದು ಅಳತೆ ಹಿಡಿದರು. ಐದು ಮೆಟ್ಟಿಲಿನದು. ಮೊದಲನೆಯದು ಸಾವು. ಎರಡನೆಯದು, ಉಸಿರಿದೆ, ಅರಿವಿಲ್ಲ. ಮೂರನೆಯದು, ಅರಿವಿದೆ, ಆದರೆ ದಿನ ಕಳೆಯಲು ಇನ್ನೊಬ್ಬರು ಬೇಕು. ನಾಲ್ಕನೆಯದು, ತನ್ನದು ತಾನು ನೋಡಿಕೊಳ್ಳುತ್ತಾನೆ, ಆದರೆ ಹಿಂದಿನ ಕೆಲಸ ಆಗದು. ಐದನೆಯದು, ಮುಂಚಿನ ಬಾಳಿಗೆ ಮರಳಿದ್ದಾನೆ. ಜೀಪು ಸಿಕ್ಕ ದಿನ ನಾವಿಬ್ಬರೂ ಸಿರುಗುಪ್ಪ, ಕುರುಗೋಡು ಎಂದು ಹೊರಟು, ಹಳೆಯ ರೋಗಿಗಳ ಮನೆಗೆ ಹೋಗಿ ಅವರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ ಎಂದು ನೋಡಿ ಬರುತ್ತಿದ್ದೆವು. ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಮಿರ್ಚಿಯ ಖಾರಕ್ಕೂ ರಾಯರು ಮೆಟ್ಟಿಲು ಕೊಡುತ್ತಿದ್ದರು.

ಮೆಟ್ಟಿಲು ಹತ್ತಿಸುವುದು ಸುಲಭ ಎಂದುಕೊಂಡಿದ್ದೆವು. ಹಾಗಿರಲಿಲ್ಲ. ಬ್ರೂಸ್‌ಪೇಟೆಯಲ್ಲಿ ಅತ್ತರು ಮಾರುವ ಸಾಹೇಬರೊಬ್ಬರು ಸೈಕಲ್ಲಿನಿಂದ ಬಿದ್ದಿದ್ದರು. ನಡಿಗೆ ಸರಿ, ಮಾತು ಸರಿ, ಲೆಕ್ಕ ಸರಿ. ರಾಯರು ಐದು ಕೊಟ್ಟರು. ಸಾಹೇಬರು ವಿನಯದಿಂದ ಕೈಮುಗಿದು, "ಎಲ್ಲ ಸರಿ ಐತಿ ಡಾಕ್ಟರ್ ಸಾಬ್, ವಾಸನಿ ಒಂದು ಬರಂಗಿಲ್ಲ" ಅಂದರು. ತಲೆಗೆ ಪೆಟ್ಟಾದಾಗ ಮೂಗಿನ ನರ ಹರಿಯುವುದುಂಟು. ಬೇರೆ ಯಾರಿಗಾದರೂ ಅದು ಸಣ್ಣ ನಷ್ಟ, ಅತ್ತರಿನವರಿಗೆ ಅನ್ನವೇ ಹೋದಂತೆ. ಮತ್ತೆ ಹೇಗೆ ವ್ಯಾಪಾರ ಮಾಡುತ್ತೀರಿ ಎಂದರೆ ನಕ್ಕರು. "ಗಿರಾಕಿ ಕೈಗೆ ಹಚ್ಚತೀನಿ, ಅವರ ಮಾರಿ ನೋಡತೀನಿ. ಮಾರಿ ಅರಳಿದ್ರ ಗುಲಾಬಿ, ಕಣ್ಣು ಮುಚ್ಚಿದ್ರ ಮಲ್ಲಿಗಿ." ರಾಯರು ಐದನ್ನು ಹೊಡೆದುಹಾಕಿ ನಾಲ್ಕು ಮಾಡಿದರು. ಅಂಗಡಿಯಿಂದ ಹೊರಗೆ ಬಂದು, "ಆ ಮನುಷ್ಯಗ ಆರು ಕೊಡಬೇಕಿತ್ತು, ಸರೋಜಾಬಾಯಿ" ಅಂದರು.

ಈಗ ನೀಲಮ್ಮನ ಕಥೆಗೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದು ಅವಳಿಗಾಗಿಯೇ.

ನೀಲಮ್ಮ ಕುರುಗೋಡಿನವಳು. ಗುಡ್ಡದ ಬುಡದ ಓಣಿಯಲ್ಲಿ ಮನೆ. ಗಂಡ ಹೊಲ, ದನ ನೋಡಿಕೊಂಡಿದ್ದ. ಒಬ್ಬನೇ ಮಗ ಪಂಪಾಪತಿ. ಅವನಿಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ. ಸೊಸೆ ಗೌರಿ ನೀಲಮ್ಮನ ಸ್ವಂತ ಅಣ್ಣನ ಮಗಳು. ಗೌರಿ ತವರಿಂದ ಟ್ರಾಕ್ಟರಿನ ಹಿಂದೆ ಕೂತು ಬರುವಾಗ ಉರುಳಿ ಬಿದ್ದು, ತಲೆಗೆ ಪೆಟ್ಟಾಗಿ ನಮ್ಮ ವಾರ್ಡಿಗೆ ಬಂದಿದ್ದಳು. ಅವಳ ಮಗ ಆಗ ಇನ್ನೂ ಬೋರಲು ಬೀಳುವ ಕೂಸು, ಅವತ್ತು ಪುಣ್ಯಕ್ಕೆ ಅಜ್ಜಿಯ ಹತ್ತಿರ ಇತ್ತು. ಗೌರಿ ಬಹಳ ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು, ಮೆಲ್ಲಗೆ ಕಣ್ಣು ಬಿಟ್ಟು, ನನ್ನ ಕೈ ಹಿಡಿದು ನಡೆದು, ಕೊನೆಗೆ ತನ್ನ ಕಾಲಮೇಲೆ ಮನೆಗೆ ಹೋದಳು. ನೀಲಮ್ಮ ಇಡೀ ವಾರ್ಡಿಗೆ ಶೇಂಗಾದ ಹೋಳಿಗೆ ಹಂಚಿದಳು.

ಅರ್ಧ ವರ್ಷ ಕಳೆದ ಮೇಲೆ ನಾವು ಅವರ ಮನೆಗೆ ಹೋದೆವು. ಪಂಪಾಪತಿ ನಮಗಾಗಿಯೇ ರಜೆ ಹಾಕಿ ಬಂದಿದ್ದ. ಸಿರುಗುಪ್ಪದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಹೆಂಡತಿ ಮಗುವನ್ನು ಕರೆದೊಯ್ಯಬೇಕೆಂದು ಅವನ ಆಸೆ. ಗಿರಣಿಯ ಕೆಲಸಕ್ಕೆ ಹೋದರೆ ದಿನವಿಡೀ ಗೌರಿ, ಕೂಸು ಇಬ್ಬರೇ ಇರಬೇಕು. "ದೊಡ್ಡ ಡಾಕ್ಟ್ರು ಹೂಂ ಅಂದ್ರ ಈ ಸೋಮವಾರನ ಕರಕೊಂಡು ಹೊಕ್ಕೀನ್ರಿ" ಅಂದ. ಅವನ ಮುಖದಲ್ಲಿ ಅವತ್ತು ಹೊಸ ಮದುವಣಿಗನ ಕಳೆ ಇತ್ತು.

ಗೌರಿ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು ಬಂದು ಕೂತಳು. ಊರು, ಹೆಸರು, ತಿಂಗಳು ಎಲ್ಲ ಹೇಳಿದಳು. ನಡೆದು ತೋರಿಸಿದಳು. ರೊಟ್ಟಿ ಬಡಿಯುತ್ತೀಯಾ ಎಂದರೆ ಹೂಂ, ನೀರು ತರುತ್ತೀಯಾ ಎಂದರೆ ಹೂಂ. ಮಾವ ಜಗಲಿಯಿಂದಲೇ ಸಾಕ್ಷಿ ಹೇಳಿದ: "ಮೊದಲಿಗಿಂತ ಛಲೋ ಆಗ್ಯಾಳ್ರಿ. ಮೊದಲು ಬಾಯಿ ಭಾಳ ಇತ್ತು. ಈಗ ಹೇಳಿದ್ದು ಮಾಡತಾಳ, ಎದುರು ಮಾತಿಲ್ಲ. ಮನಿ ತಣ್ಣಗ ಐತಿ." ರಾಯರು ಸಂತೋಷದಿಂದ ಐದು ಬರೆದು, ಪೆನ್ನು ಜೇಬಿಗೆ ಸಿಕ್ಕಿಸಿ ಎದ್ದರು.

ಆಗ ಬಾಗಿಲ ಹತ್ತಿರ ನಿಂತಿದ್ದ ನೀಲಮ್ಮ ಅಡ್ಡ ಬಂದಳು. "ಡಾಕ್ಟ್ರ, ನನ್ನ ಸೊಸಿ ಇನ್ನ ಆರಾಮಾಗಿಲ್ರಿ."

"ಯಾಕಮ್ಮ, ಏನಾಗೇದ?"

"ಆಕಿ ನನ್ನ ಜೋಡಿ ಜಗಳಾನ ಆಡವಲ್ಲಳ್ರಿ."

ಜಗಲಿಯಲ್ಲಿ ಇದ್ದವರೆಲ್ಲ ನಕ್ಕುಬಿಟ್ಟರು. ಮಾವ ನಕ್ಕ, ಓಣಿಯಿಂದ ಇಣುಕಿ ನೋಡುತ್ತಿದ್ದವರು ನಕ್ಕರು. ನಗದೇ ಇದ್ದವನು ಪಂಪಾಪತಿ ಒಬ್ಬನೇ. ಅವನ ಮುಖ ಕೆಂಪಾಗಿತ್ತು. "ಇದೇನಂತ ನನಗ ಗೊತ್ತೈತ್ರಿ. ನಾವು ಬ್ಯಾರೆ ಹೋಗೋದು ಅವ್ವಗ ಬ್ಯಾಡಾಗೈತಿ. ಮಗ ಕೈ ತಪ್ಪತಾನ ಅಂತ ಆಕಿಗೆ ಸಂಕಟ" ಅಂದ. ರಾಯರೂ ತಲೆಯಾಡಿಸಿ, "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರಲ್ಲಮ್ಮ. ಬಿಟ್ಟುಕೊಡಬೇಕು" ಎಂದರು.

ನೀಲಮ್ಮ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಅಮ್ಮ, ನೀವು ಹೆಣಮಕ್ಕಳು, ನೀವರ ಕೇಳ್ರಿ. ಈ ಹುಡುಗಿ ಹುಟ್ಟಿದಾಗ ನಾನ ಎತ್ತಿಕೊಂಡಿದ್ದೆ. ನಾನು ಒಂದಂದ್ರ ಆಕಿ ನಾಕು ಅನ್ನಾಕಿ. ಈಗ ಏನಂದ್ರೂ ಹೂಂ. ಉಪ್ಪು ಹೆಚ್ಚಾಗೈತಿ ಅಂದ್ರ ಹೂಂ, ಕಡಿಮಿ ಆಗೈತಿ ಅಂದ್ರ ಹೂಂ. ಇದು ನನ್ನ ಗೌರಿ ಅಲ್ರಿ."

ಮುಂಚೆ ಹೇಗಿದ್ದಳು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಯಾವ ಮನೆಯಲ್ಲೂ ಸಿಕ್ಕಿರಲಿಲ್ಲ. ಅವಳ ಮಾತಿನಲ್ಲಿ ಮಗನ ಮೇಲಿನ ಹಟ ಎಷ್ಟು, ಸೊಸೆಯ ಚಿಂತೆ ಎಷ್ಟು ಎಂದು ನನಗೂ ತಿಳಿಯಲಿಲ್ಲ. ರಾಯರಿಗೆ, "ಸರ್, ನೀವು ಇನ್ನೊಂದು ಹಳ್ಳಿ ಮುಗಿಸಿಕೊಂಡು ಬರ್ರಿ. ನಾನು ಇವತ್ತು ಇಲ್ಲೇ ಅಡಿಗಿಮನ್ಯಾಗ ಕೂಡತೀನಿ" ಎಂದೆ. ಅವರು ಗೊಣಗಿದರು, ಆದರೆ ಹೋದರು.

ಅಡುಗೆಮನೆಯ ಮೂಲೆಯಲ್ಲಿ ಕೂತು ನೋಡಿದೆ. ಗೌರಿ ರೊಟ್ಟಿ ಬಡಿಯುವುದನ್ನು ನೋಡುವುದೇ ಒಂದು ಚಂದ. ಕೈ ಏನನ್ನೂ ಮರೆತಿರಲಿಲ್ಲ. ಆದರೆ ಆ ಕೈ ಶುರುವಾಗಬೇಕಾದರೆ ನೀಲಮ್ಮ, "ಹಿಟ್ಟು ತಗೋ" ಅನ್ನಬೇಕಿತ್ತು. ರೊಟ್ಟಿ ಹೆಂಚಿಗೆ ಬಿದ್ದ ಮೇಲೆ "ನೀರು ಸವರು" ಅನ್ನಬೇಕಿತ್ತು. "ತಿರುವು", "ತಗಿ", "ಇನ್ನೊಂದು ಬಡಿ". ನೀಲಮ್ಮ ಇದನ್ನೆಲ್ಲ ಎಷ್ಟು ಮೆಲ್ಲಗೆ, ಎಷ್ಟು ರೂಢಿಯಿಂದ ಹೇಳುತ್ತಿದ್ದಳೆಂದರೆ ಹೊರಗಿನವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಹೇಳಿದ ಕೂಡಲೇ ಗೌರಿ ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಹೇಳದಿದ್ದರೆ ಕೂತಿರುತ್ತಿದ್ದಳು. ಮುಖದಲ್ಲಿ ಬೇಸರ ಇಲ್ಲ, ದುಃಖ ಇಲ್ಲ.

ನಾನು ನೀಲಮ್ಮನ ಕಿವಿಯಲ್ಲಿ, "ಸ್ವಲ್ಪ ಹೊತ್ತು ಏನೂ ಹೇಳಬ್ಯಾಡ್ರಿ, ಏನ ಆದ್ರೂ ನಾನಿದೀನಿ" ಅಂದೆ. ಪಾಪ, ಅವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ನಿಂತಳು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಗೌರಿ ನೋಡುತ್ತ ಕೂತಳು. ನಾನೇ ಹೆಂಚು ಇಳಿಸಿದೆ.

ಆಗ ಪಡಸಾಲೆಯ ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು. ಮೊದಲು ಮುಲುಗಾಟ, ಆಮೇಲೆ ಜೋರು, ಆಮೇಲೆ ಉಸಿರು ಹಿಡಿದು ಚೀರಾಟ. ಗೌರಿ ತೊಟ್ಟಿಲ ಕಡೆ ತಲೆ ತಿರುಗಿಸಿದಳು. ಕೇಳಿಸಿತ್ತು. ಆದರೆ ಏಳಲಿಲ್ಲ. ನೀಲಮ್ಮನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಸೆರಗು ಬಾಯಲ್ಲೇ ಇತ್ತು. ಕೊನೆಗೆ ಪಂಪಾಪತಿ ಹೊರಗಿಂದ ಓಡಿ ಬಂದು ಕೂಸನ್ನು ಎತ್ತಿಕೊಂಡ.

"ಗೌರಿ, ಕೂಸು ಅಳಾಕತ್ತಿತ್ತಲ್ಲ, ಕೇಳಲಿಲ್ಲೇನು?"

"ಹೂಂ, ಅಳಾಕತ್ತಿತ್ತು" ಎಂದಳು ಅವಳು, ನಗುಮುಖದಿಂದಲೇ.

"ಮತ್ತ ಎತ್ತಿಕೋಬೇಕಲ್ಲ?"

"ಹೂಂ." ಎದ್ದು ಬಂದು ಕೂಸನ್ನು ತೆಗೆದುಕೊಂಡು ಎದೆಗೊತ್ತಿಕೊಂಡು ಮುದ್ದಿಸಿದಳು. ಕೂಸು ಸುಮ್ಮನಾಯಿತು. ಪ್ರೀತಿ ಎಲ್ಲಿಗೂ ಹೋಗಿರಲಿಲ್ಲ. ತಾನಾಗಿ ಏಳುವುದೊಂದು ಹೋಗಿತ್ತು. ತಲೆಯ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಹೀಗಾಗುತ್ತದೆ. ಇದು ಸೋಮಾರಿತನವಲ್ಲ, ಮೊಂಡುತನವೂ ಅಲ್ಲ. ಮೊಮ್ಮಗಳೇ, ಇದನ್ನು ಮಾತ್ರ ಮರೆಯಬೇಡ.

ಪಂಪಾಪತಿ ಹೊಸ್ತಿಲ ಮೇಲೆ ಕುಸಿದು ಕೂತ. ಸಿರುಗುಪ್ಪದ ಆ ಬಾಡಿಗೆ ಕೋಣೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಮುಚ್ಚಿದ ಬಾಗಿಲು, ಒಲೆ, ತೆವಳುವ ಕೂಸು, ಎಲ್ಲ ಅವನ ಕಣ್ಣಮುಂದೆ ಬಂದಿರಬೇಕು. ಆಮೇಲೆ ತಾಯಿಯ ಮುಖ ನೋಡಿದ. ನೀಲಮ್ಮ ಬಾಯಿಂದ ಸೆರಗು ತೆಗೆದು ಅದರಿಂದಲೇ ಮಗನ ಮುಖ ಒರೆಸಿದಳು.

ರಾಯರು ಬಂದಾಗ ನಡೆದದ್ದನ್ನೆಲ್ಲ ಅವನೇ ಹೇಳಿದ. ಅವರು ಪೆನ್ನು ತೆಗೆದು ಐದನ್ನು ಹೊಡೆದುಹಾಕಿ ಮೂರು ಎಂದು ಬರೆದರು. ಎರಡು ಮೆಟ್ಟಿಲು ಕೆಳಗೆ. ಮಾವ ಮುನಿದ. "ಆರಾಮಿದ್ದ ಸೊಸಿನ್ನ ಬಂದು ಕೆಡಿಸಿ ಹೋದ್ರಿ" ಎಂದ. ಪಂಪಾಪತಿ ಕೇಳಿದ್ದು ಬೇರೆ: "ಹಂಗಾರ ಜೀವಮಾನ ಎಲ್ಲ ಹಿಂಗ ಏನ್ರಿ?"

"ಗೊತ್ತಿಲ್ಲಪ್ಪ" ಅಂದರು ರಾಯರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅಪರೂಪ. "ಕೆಲವರಿಗೆ ಬರತದ, ಕೆಲವರಿಗೆ ಬರೂದಿಲ್ಲ. ಬಂದ್ರೂ ಹೊತ್ತು ಹಿಡೀತದ. ಅಲ್ಲೀ ತನಕಾ ನಿಮ್ಮವ್ವನ ಹತ್ರ ಬಿಡು." ಆಮೇಲೆ ನೀಲಮ್ಮನ ಕಡೆ ತಿರುಗಿ, "ಅಮ್ಮ, ನಿಮ್ಮ ಮಾತಿಗೆ ನಕ್ಕಿದ್ದೆ. ಇನ್ನ ಮುಂದ ನಗೂದಿಲ್ಲ" ಅಂದರು.

ಆ ಕಾಲಕ್ಕೆ ಇದಕ್ಕೆ ಔಷಧವೂ ಇರಲಿಲ್ಲ, ಪಾಠವೂ ಇರಲಿಲ್ಲ. ನನಗೆ ತೋಚಿದ್ದನ್ನು ಹೇಳಿಕೊಟ್ಟೆ. ಮುಂದಿನ ಕೆಲಸ ಇದು ಎಂದು ಹೇಳಬೇಡಿ. "ಈಗ ಏನ್ ಮಾಡಬೇಕು, ಗೌರಿ?" ಎಂದು ಕೇಳಿ. ಕೇಳಿ, ಕಾಯಿರಿ. ಕಾಯುವುದು ಕಷ್ಟ, ಆದರೂ ಕಾಯಿರಿ. ಪಂಪಾಪತಿ ವಾರಕ್ಕೊಮ್ಮೆ ಸಿರುಗುಪ್ಪದಿಂದ ಬಸ್ಸು ಹಿಡಿದು ಬಂದು, ಹೆಂಡತಿಯ ಎದುರು ಕೂತು ಇದನ್ನೇ ಮಾಡುತ್ತಿದ್ದ. ಬಾಯಾರಿ ಬಂದವನು ನೀರು ಕೇಳದೆ ಸುಮ್ಮನೆ ಕೂತಿರುತ್ತಿದ್ದ, ಅವಳಾಗಿ ಕೊಡಲಿ ಎಂದು. ಎಷ್ಟೋ ಸಲ ಬಾಯಾರಿಕೊಂಡೇ ಎದ್ದು ಹೋದನಂತೆ. ಈಗಲೂ ಅದನ್ನು ನೆನೆದರೆ ನನಗೆ ಆ ಹುಡುಗನ ಮೇಲೆ ಅಕ್ಕರೆ ಉಕ್ಕುತ್ತದೆ.

ನೀಲಮ್ಮ ಇದಕ್ಕೆ ತನ್ನದೊಂದು ಚಿಕಿತ್ಸೆ ಸೇರಿಸಿಕೊಂಡಿದ್ದಳು. ಸೊಸೆಯನ್ನು ಜಗಳಕ್ಕೆ ಎಳೆಯುವುದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅವಳಿಗೆ ಬೇಕಾದದ್ದೇ ಜಗಳ. ಗೌರಿ ಗುಡಿಸಿದ ಕಡೆಯೇ ಕಸ ಚೆಲ್ಲುವಳು. ಸೊಸೆಯ ಇಷ್ಟದ ಸೀರೆಯನ್ನು ತಾನು ಉಟ್ಟುಕೊಂಡು ಎದುರು ಓಡಾಡುವಳು. ಪುಂಡಿಪಲ್ಯಕ್ಕೆ ಬೇಕೆಂದೇ ಉಪ್ಪು ಸುರಿಯುವಳು. ಮಾವ ತಟ್ಟೆ ದೂಡಿ, "ಸೊಸಿಗೆ ತಲಿ ಪೆಟ್ಟೋ ನಿನಗೋ?" ಎಂದು ಕೂಗಾಡಿದನಂತೆ. ಗೌರಿ ಮಾತ್ರ ಅದನ್ನೂ ಹೂಂ ಎಂದು ಉಂಡಳು.

"ತವರಮನಿ ಬೈದು ನೋಡ್ರಿ, ಅದಕ್ಕ ಎಂಥಾ ಹೆಣಮಗಳೂ ಸುಮ್ನಿರಂಗಿಲ್ಲ" ಅಂದೆ ನಾನು ತಮಾಷೆಗೆ.

"ಆಕಿ ತವರಮನಿ ಅಂದ್ರ ನಂದೂ ತವರಮನಿನ ಅಲ್ರಿ ಅಮ್ಮ!" ಅಂದಳು ನೀಲಮ್ಮ. ಸ್ವಲ್ಪ ಯೋಚಿಸಿ, "ಅಣ್ಣನ್ನ ಬೈಯಾಕ ಆಗಂಗಿಲ್ಲ. ಅಣ್ಣನ ಹೇಣ್ತಿನ್ನ ಬೈತೀನಿ. ಅದು ನನಗೂ ಸಲೀಸು" ಅಂದಳು.

ಸುಧಾರಣೆ ಬಂದದ್ದು ಕಳ್ಳಹೆಜ್ಜೆಯಲ್ಲಿ. ಜೀಪು ಸಿಕ್ಕಾಗಲೆಲ್ಲ ಹೋಗಿ ನೋಡುತ್ತಿದ್ದೆ. ಒಂದು ಭೇಟಿಯಲ್ಲಿ ರೊಟ್ಟಿಯನ್ನು ತಾನೇ ತಿರುವಿದಳು. ಮತ್ತೊಂದು ಸಲ ಪಂಪಾಪತಿ ಬಸ್ಸಿನ ಧೂಳು ಮೆತ್ತಿಕೊಂಡು ಬಂದು ಕೂತಾಗ, ಯಾರೂ ಹೇಳದೆ ತಂಬಿಗೆ ತಂದು ಮುಂದಿಟ್ಟಳು. ಅವನು ನೀರು ಕುಡಿಯುವುದನ್ನು ಮರೆತು ತಂಬಿಗೆ ಹಿಡಿದುಕೊಂಡು ಕೂತ. ಆಮೇಲೆ ಒಂದು ದಿನ ಮಗ ಹೊಸ್ತಿಲು ಎಡವಿ ಬಿದ್ದ. ಅವನ ಅಳು ಹೊರಡುವ ಮುಂಚೆಯೇ ಗೌರಿ ಅಲ್ಲಿದ್ದಳು. ರಾಯರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು, ಆದರೆ ಮೂರನ್ನು ಮುಟ್ಟಲಿಲ್ಲ. "ಇನ್ನೂ ನೋಡೋಣ" ಎಂದರು. ನೀಲಮ್ಮನೂ ಅದನ್ನೇ ಅನ್ನುತ್ತಿದ್ದಳು. "ಕೈಕಾಲು ಬಂದಾವು, ಬಾಯಿ ಇನ್ನ ಬಂದಿಲ್ರಿ."

ಬಾಯಿ ಬಂದ ದಿನ ನಾನು ಅಲ್ಲೇ ಇದ್ದೆ. ಅದು ನನ್ನ ಪುಣ್ಯ.

ಬೇಸಿಗೆಯ ಒಂದು ಬೆಳಿಗ್ಗೆ. ಗೌರಿಯ ತವರಿನಿಂದ ಶಾವಿಗೆ ಬಂದಿತ್ತು. ನೀಲಮ್ಮ ಅದನ್ನು ಮೊರಕ್ಕೆ ಸುರಿದುಕೊಂಡು, ನನಗೆ ಕಣ್ಣು ಮಿಟುಕಿಸಿ, ದಿನದ ಪಾಠ ಶುರುಮಾಡಿದಳು. "ನಿಮ್ಮವ್ವ ಶಾವಿಗಿ ಕಳಿಸ್ಯಾಳ ನೋಡು. ಶಾವಿಗಿನೋ ಹಗ್ಗಾನೋ! ಎಮ್ಮಿ ಕಟ್ಟಾಕ ಆದೀತು. ಆಕಿ ಕೈಲೆ ಯಾವತ್ತು ನೆಟ್ಟಗೊಂದು ಅಡಿಗಿ ಆಗೈತಿ?"

ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದ ಗೌರಿ ತಿರುಗಿದಳು. ಅವಳ ಹುಬ್ಬು ಗಂಟಿಕ್ಕಿದ್ದನ್ನು ನಾನು ಮೊದಲ ಸಲ ಕಂಡೆ.

"ಅತ್ತಿ, ಸಾಕ್ ಮಾಡು. ನಮ್ಮವ್ವನ ಸುದ್ದಿಗೆ ಬರಬ್ಯಾಡ. ಹ್ವಾದ ಹಬ್ಬದಾಗ ಇದ ಶಾವಿಗಿ ಎಳ್ಡ್ ಸಲ ಹಾಕಿಸ್ಕೊಂಡು ಉಂಡಾಕಿ ಯಾರು? ನೀ ಮಾಡಿದ ಪುಂಡಿಪಲ್ಯ ಆ ಎಮ್ಮಿ ಮುಂದ ಇಡು, ಎಮ್ಮಿನೂ ಮಾರಿ ತಿರುವತೈತಿ!"

ಮೊರ ನೀಲಮ್ಮನ ಕೈಯಿಂದ ಜಾರಿತು. ಶಾವಿಗೆ ನೆಲಕ್ಕೆ ಚೆಲ್ಲಿತು.

"ಮತ್ತೊಮ್ಮಿ ಅನ್ನು, ಗೌರಿ" ಎಂದಳು ಅವಳು ಸಣ್ಣ ದನಿಯಲ್ಲಿ.

"ಏನನ್ಲಿ? ಎಮ್ಮಿ ಮಾರಿ ತಿರುವತೈತಿ ಅಂದೆ. ಈಗ ಶಾವಿಗಿನೂ ಚೆಲ್ಲಿದಿ. ಏಳು, ನಾ ಬಳೀತೀನಿ. ನಿನಗ ಹೇಳೋರು ಕೇಳೋರು ಯಾರೂ ಇಲ್ಲದಂಗ ಆಗೈತಿ ಈ ಮನ್ಯಾಗ."

ನೀಲಮ್ಮ ಎದ್ದಳು. ಚೆಲ್ಲಿದ ಶಾವಿಗೆಯನ್ನು ದಾಟಿ ಹೊರಗೆ ಓಡಿದಳು. ಓಣಿಯ ನಡುವೆ ನಿಂತು, ಎರಡೂ ಕೈ ಮೇಲೆತ್ತಿ, "ಏ ಕೇಳಿದ್ರೇನು! ನನ್ನ ಸೊಸಿ ನನಗ ಬೈದ್ಲು! ಎದುರು ನಿಂತು ಬೈದ್ಲು!" ಎಂದು ಕೂಗಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಓಣಿಯ ಹೆಂಗಸರು ಓಡಿ ಬಂದರು. ಕೆಲವರು ಸಮಾಧಾನ ಹೇಳಲು, ಕೆಲವರು ತಮಾಷೆ ನೋಡಲು. ಒಳಗೆ ಗೌರಿ ಶಾವಿಗೆ ಬಳಿದು ಮೊರಕ್ಕೆ ತುಂಬುತ್ತ, "ಈ ಅತ್ತಿಗೆ ಏನಾಗೈತ್ರಿ? ನೀವರ ಒಂದಿಷ್ಟು ನೋಡ್ರಿ" ಎಂದು ನನ್ನನ್ನೇ ಕೇಳಿದಳು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಬಳ್ಳಾರಿಗೆ ಬಂದು ರಾಯರಿಗೆ ಎಮ್ಮೆಯ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅವರು ಎರಡು ಸಲ ಹೇಳಿಸಿಕೊಂಡರು. ಮುಂದಿನ ಸಲ ಅವರೇ ಕುರುಗೋಡಿಗೆ ಬಂದು, ಅರ್ಧ ದಿನ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅತ್ತೆ ಸೊಸೆಯ ವಾಗ್ವಾದ ಪೂರ್ತಿ ಕೇಳಿ, ಐದು ಬರೆದರು. ಗೌರಿಗೆ ಮೊದಲಿನ ಚುರುಕು ಎಲ್ಲವೂ ಬಂದಿರಲಿಲ್ಲ. ಬೇಗ ದಣಿಯುತ್ತಿದ್ದಳು, ಒಮ್ಮೊಮ್ಮೆ ಮಾತು ಹುಡುಕುತ್ತಿದ್ದಳು. ಕರಾರುವಾಕ್ಕಾಗಿ ಅಳೆದರೆ ನಾಲ್ಕೂವರೆ ಆಗುತ್ತಿತ್ತೇನೋ. ಆದರೂ ಐದು ಐದಾಗಿಯೇ ಉಳಿಯಿತು.

ಗಂಡ ಹೆಂಡತಿ ಮಗುವಿನೊಂದಿಗೆ ಸಿರುಗುಪ್ಪಕ್ಕೆ ಹೊರಟ ದಿನ ಕುರುಗೋಡಿನ ಬಸ್ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಪಂಪಾಪತಿ ಟ್ರಂಕು, ಹಾಸಿಗೆ ಮೇಲೆ ಹಾಕಿಸುತ್ತಿದ್ದ. ಗೌರಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನ ಕಿಟಕಿಯಿಂದ ಅತ್ತೆಗೆ ಒಂದೇ ಸಮನೆ ಹೇಳುತ್ತಿದ್ದಳು: ಬಿಸಿಲಿಗೆ ಹೋಗಬ್ಯಾಡ, ಮಾವಗ ಖಾರ ಕಡಿಮಿ ಹಾಕು, ಮೊಸರಿನ ಗಡಿಗಿ ಬೆಕ್ಕಿಗೆ ಬಿಡಬ್ಯಾಡ, ನಿನಗ ಹೇಳಿದ್ರ ತಲಿಗೆ ಹೋಗಂಗಿಲ್ಲ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಯಿತು. ಅಲ್ಲಿಯವರೆಗೆ ನಗುತ್ತ ನಿಂತಿದ್ದ ನೀಲಮ್ಮ ನನ್ನ ಹೆಗಲಿಗೆ ತಲೆಯಿಟ್ಟು ಬಿಕ್ಕತೊಡಗಿದಳು.

"ಅಳಬ್ಯಾಡ್ರಿ, ಸಿರುಗುಪ್ಪ ಭಾಳ ದೂರ ಅದ ಏನು?" ಎಂದೆ.

"ದೂರಕ್ಕ ಅಳಾಕತ್ತಿಲ್ರಿ ಅಮ್ಮ" ಎಂದಳು ನೀಲಮ್ಮ, ಮೂಗು ಒರೆಸಿಕೊಳ್ಳುತ್ತ. "ಅಷ್ಟು ಕಷ್ಟಪಟ್ಟು ಆಕಿಗೆ ಬಾಯಿ ಬರಿಸ್ದೆ. ಈಗ ಆ ಬಾಯಿ ತಗೊಂಡು ಸಿರುಗುಪ್ಪಕ್ಕ ಹೋದ್ಲು. ಇನ್ನ ನನಗ ಬೈಯೋರು ಯಾರ್ರಿ?"